ಹೂಂಗುಟ್ಟುವ ಮಗು ಕಥೆ ಹೇಳುವಂತಾಗಲು

ನಮ್ಮ ರಾಯದುರ್ಗ ಸೀಮೆಯ ಅನೇಕ ಕನ್ನಡ ಮನೆಗಳಲ್ಲಿ ಅಜ್ಜಿ ಕನ್ನಡದಲ್ಲಿ ಕೇಳುತ್ತಾಳೆ, ನಾಲ್ಕು ವರ್ಷದ ಮೊಮ್ಮಗು ತೆಲುಗಿನಲ್ಲಿ ಉತ್ತರಿಸುತ್ತದೆ. ಮಗುವಿಗೆ ಕನ್ನಡ ತಿಳಿಯದೆಂದಲ್ಲ. ತಿಳಿಯುತ್ತದೆ, ನಾಲಗೆಗೆ ಬರುವುದಿಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದ ಮೇಲೆ ಕಚೇರಿಯ ಮಾತು ಬದಲಾದುದನ್ನು ಎಲ್ಲರೂ ಬಲ್ಲರು. ಆ ಚರ್ಚೆ ಈ ಸಂಚಿಕೆಯ ಬೇರೆ ಪುಟಗಳಿಗಿರಲಿ. ಅಂಗನವಾಡಿಗೆ ಹೋಗುವ ವಯಸ್ಸಿನ ಮಕ್ಕಳಿಗಾಗಿ ಮನೆಯಲ್ಲೇ ಮಾಡಬಹುದಾದ ಕೆಲಸವೊಂದಿದೆ: ಕಥೆ ಹೇಳುವುದು, ಮತ್ತು ಹೇಳಿಸುವುದು.

ಕಥೆ ಕೇಳುವವರು ಹೂಂಗುಟ್ಟಬೇಕೆಂಬುದು ನಮ್ಮ ಹಿರಿಯರ ಕಟ್ಟಳೆ. ಹೂಂ ನಿಂತರೆ ಕಥೆಯೂ ನಿಂತಿತು. ಕೇಳುವವರಿಗೂ ಕಥೆಯಲ್ಲಿ ಪಾಲುಂಟೆಂಬುದನ್ನು ಅದು ಕಲಿಸುತ್ತದೆ. ಆದರೆ ಹೂಂ ಎಂಬುದು ಹೊಸ್ತಿಲು ಮಾತ್ರ. ಮಗು ಅದನ್ನು ದಾಟಿ ಒಳಕ್ಕೆ ಬರಬೇಕು.

ಅದಕ್ಕೆ ಸರಪಳಿಯ ಕಥೆಗಳಂತಹ ಸಾಧನ ಬೇರೊಂದಿಲ್ಲವೆಂದು ನಾವು ತಿಳಿದಿದ್ದೇವೆ. ನೆರೆಯ ತೆಲುಗು ಮನೆಗಳಲ್ಲಿ ಎಲ್ಲರಿಗೂ ಪರಿಚಿತವಾದ ಏಳು ಮೀನುಗಳ ಕಥೆಯನ್ನೇ ನೋಡೋಣ. ರಾಜನ ಏಳು ಮಕ್ಕಳು ಏಳು ಮೀನು ತಂದು ಒಣಹಾಕುತ್ತಾರೆ, ಒಂದು ಒಣಗುವುದಿಲ್ಲ. (ಮಳೆಯೇ ಅಪರೂಪವಾದ ನಮ್ಮ ಸೀಮೆಯಲ್ಲಿ ಇದೇ ಮೊದಲ ಬೆರಗು!) ಏಕೆಂದರೆ ಹುಲ್ಲು ಅಡ್ಡ ಬಂತು; ಹಸು ಹುಲ್ಲು ಮೇಯಲಿಲ್ಲ; ದನಗಾಹಿ ಹಸುವನ್ನು ಮೇಯಿಸಲಿಲ್ಲ; ಅಜ್ಜಿ ಅವನಿಗೆ ಅನ್ನವಿಕ್ಕಲಿಲ್ಲ; ಕೂಸು ಅತ್ತಿತು; ಇರುವೆ ಕಚ್ಚಿತು. ತನ್ನ ಬಂಗಾರದ ಹುತ್ತದಲ್ಲಿ ಬೆರಳಿಟ್ಟರೆ ಕಚ್ಚದೆ ಬಿಡುವುದೇ ಆ ಇರುವೆ? ಕರಾವಳಿಯ ಪಂಜೆ ಮಂಗೇಶರಾಯರ ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬ ಮಕ್ಕಳ ಕಥೆಯೂ ಇಂತಹುದೇ ಪ್ರಶ್ನೆಯನ್ನು ಹೆಸರಾಗಿ ಹೊತ್ತಿದೆ.

ಈ ಕಥೆಯನ್ನು ಕನ್ನಡದಲ್ಲಿ ಹೇಳಿದಾಗ ಏನಾಗುತ್ತದೆ? ‘ಯಾಕೆ’ ಎಂಬ ಪ್ರಶ್ನೆ ಹೆಜ್ಜೆಹೆಜ್ಜೆಗೂ ಮರಳುವುದರಿಂದ ಎರಡನೆಯ ದಿನವೇ ಅದು ಮಗುವಿನ ಬಾಯಿಗೆ ಬರುತ್ತದೆ. ಹಸು ‘ಮೇಯುವುದು’, ದನಗಾಹಿ ‘ಮೇಯಿಸುವುದು’: ವ್ಯಾಕರಣದ ಪಾಠದಲ್ಲಿ ದೊಡ್ಡವರೂ ತಡವರಿಸುವ ಈ ಭೇದ ಕಥೆಯೊಳಗೆ ತಾನಾಗಿ ನಿಲ್ಲುತ್ತದೆ. ಕಾರಣ ಕೇಳುವ, ಕಾರಣ ಕೊಡುವ, ಒಂದಾದ ಮೇಲೊಂದನ್ನು ಜೋಡಿಸಿ ಹೇಳುವ ಈ ಶಕ್ತಿ ತೆಲುಗು ತರಗತಿಯಲ್ಲೂ ನೆರವಿಗೆ ಬರುವುದು. ಮನೆಮಾತು ಬಲಿತರೆ ಶಾಲೆಯ ಮಾತಿಗೆ ಕುಂದೆಂಬ ಭಯಕ್ಕೆ ಆಧಾರವಿಲ್ಲ.

ಕಾಗಕ್ಕ ಗುಬ್ಬಕ್ಕನ ಕಥೆಯೂ ಹಾಗೆಯೇ. ಮಳೆಯಲ್ಲಿ ನೆನೆದ ಕಾಗಕ್ಕ ಬಾಗಿಲು ತಟ್ಟಿದಾಗಲೆಲ್ಲ ಗುಬ್ಬಕ್ಕ ಹೊಸ ನೆಪ ಹೇಳುತ್ತಾಳೆ: ಮರಿಗೆ ನೀರು ಹಾಕುತ್ತಿದ್ದೇನೆ, ಬಟ್ಟೆ ತೊಡಿಸುತ್ತಿದ್ದೇನೆ, ತೊಟ್ಟಿಲು ತೂಗುತ್ತಿದ್ದೇನೆ. ಗುಬ್ಬಕ್ಕನ ಪಾತ್ರವನ್ನು ಮಗುವಿಗೆ ಕೊಟ್ಟರೆ ಮನೆಯ ದಿನಚರಿಯೆಲ್ಲ ಕನ್ನಡದಲ್ಲಿ ಹೊರಬರುತ್ತದೆ.

ಕಥೆ ಹೇಳುವವರು ಗ್ರಂಥಭಾಷೆಗೆ ಹೋಗಬೇಕಿಲ್ಲ; ಮನೆಯ ಆಡುಮಾತೇ ಸಾಕು, ಅದೇ ಸೊಗಸು. ಮಗು ನಡುವೆ ತೆಲುಗು ಪದ ಬಳಸಿದರೆ ಕಥೆಯನ್ನು ನಿಲ್ಲಿಸಿ ತಿದ್ದುವುದು ಬೇಡ. ಅದು ‘ಚೀಮ’ ಎಂದರೆ ‘ಹೌದು, ಇರುವೆಯೇ ಕಚ್ಚಿದ್ದು’ ಎಂದು ಮುಂದುವರಿಸಿದರಾಯಿತು. ಮೊಬೈಲಿನಲ್ಲೂ ಕನ್ನಡ ಕಥೆಗಳುಂಟು, ಚಿತ್ರಗಳು ಚೆಂದ. ಆದರೆ ಮಗು ಸುಮ್ಮನಾದರೂ ಅದರ ಕಥೆ ನಿಲ್ಲುವುದಿಲ್ಲ.

ಒಂದೇ ಕಥೆಯನ್ನು ವಾರವಿಡೀ ಹೇಳೋಣ. ಬೇಸರ ನಮಗೇ ಹೊರತು ಮಕ್ಕಳಿಗಲ್ಲ. ಮೂರನೆಯ ರಾತ್ರಿ ಹುಲ್ಲಿನ ಉತ್ತರವನ್ನು ನುಂಗಿ ಸುಮ್ಮನೆ ಕುಳಿತು ನೋಡೋಣ. ಐದನೆಯ ರಾತ್ರಿ ಹಸುವಿನದನ್ನೂ ದನಗಾಹಿಯದನ್ನೂ. ಆಮೇಲೆ ಹೂಂಗುಟ್ಟುವ ಸರದಿ ನಮ್ಮದು.