ಕೋಸು ಬೇಡವೆಂದವರ ಹಡಗು

1768ರ ಸೆಪ್ಟೆಂಬರ್. ಮದೈರಾ ದ್ವೀಪದ ಬಳಿ ಲಂಗರು ಹಾಕಿ ನಿಂತ 'ಎಂಡೆವರ್' ಹಡಗಿನಲ್ಲಿ ಇಬ್ಬರ ಬರಿಬೆನ್ನಿನ ಮೇಲೆ ಚಾಟಿ ಬೀಳುತ್ತಿದೆ. ತಲಾ ಹನ್ನೆರಡು ಏಟು! ಕದ್ದರೇ? ದಂಗೆ ಎದ್ದರೇ? ಇಲ್ಲ, ಪಾಲಿಗೆ ಬಂದ ತಾಜಾ ಮಾಂಸ ತಿನ್ನುವುದಿಲ್ಲ ಅಂದರು, ಅಷ್ಟೆ. ಉಪ್ಪು ಹಾಕಿಟ್ಟ ಮಾಂಸ, ಕಲ್ಲಿನಂಥ ಬಿಸ್ಕತ್ತು ಬಿಟ್ಟರೆ ಆ ನಾವಿಕರ ನಾಲಿಗೆಗೆ ಬೇರೇನೂ ಒಗ್ಗುತ್ತಿರಲಿಲ್ಲ.

ಕಪ್ತಾನ ಜೇಮ್ಸ್ ಕುಕ್‌ನ ಸಿಟ್ಟಿನ ಹಿಂದೆ ಭಯಂಕರವಾದ ಕಾರಣವಿತ್ತು. ಅವನಿಗಿಂತ ಮೊದಲು, 1740ರಲ್ಲಿ, ಬ್ರಿಟನ್ನಿನ ನೌಕಾಧಿಕಾರಿ ಜಾರ್ಜ್ ಆನ್ಸನ್ ಸುಮಾರು 1,900 ಮಂದಿಯೊಂದಿಗೆ, ಕುಕ್ ಈಗ ಹೊರಟಿದ್ದ ಪೆಸಿಫಿಕ್ ಸಾಗರದತ್ತಲೇ ಹೊರಟಿದ್ದ. ಊರಿಗೆ ಮರಳಿದವರು ಕೆಲವೇ ನೂರು ಜನ. ಉಳಿದವರನ್ನು ಕೊಂದದ್ದು ಶತ್ರುವಿನ ಫಿರಂಗಿಯಲ್ಲ, ಹೆಚ್ಚಾಗಿ ಸ್ಕರ್ವಿ ಎಂಬ ಕಾಯಿಲೆ. ಸಿ ಜೀವಸತ್ವ ಸಿಗದಿದ್ದರೆ ಮೈಯ ಅಂಗಾಂಶಗಳನ್ನು ಹಿಡಿದಿಡುವ ಕೊಲಾಜೆನ್ ಸರಿಯಾಗಿ ಕೂಡುವುದಿಲ್ಲ. ಒಸಡು ಊದಿ ಹಲ್ಲು ಸಡಿಲವಾಗುತ್ತದೆ, ಕಾಲು ಕಪ್ಪಗಾಗುತ್ತದೆ. ಆನ್ಸನ್‌ನ ಹಡಗಿನಲ್ಲಿದ್ದ ಒಬ್ಬ ಮುದಿ ನಾವಿಕನಿಗೆ 50 ವರ್ಷದ ಹಿಂದೆ ಯುದ್ಧದಲ್ಲಿ ಆಗಿ, ಪೂರ್ತಿ ಮಾಯ್ದಿದ್ದ ಗಾಯವೇ ಮತ್ತೆ ಬಾಯಿ ತೆರೆದಿತ್ತು!

ಸ್ಕರ್ವಿ ತಡೆಯಲೆಂದು ಕುಕ್ ತನ್ನ ಹಡಗಿನಲ್ಲಿ ಮೂರೂವರೆ ಟನ್ನಿನಷ್ಟು ಸೌರ್‌ಕ್ರೌಟ್ ತುಂಬಿಕೊಂಡು ಹೊರಟಿದ್ದ. ಸೌರ್‌ಕ್ರೌಟ್ ಎಂದರೆ ಸಣ್ಣಗೆ ಹೆಚ್ಚಿದ ಎಲೆಕೋಸಿಗೆ ಉಪ್ಪು ಹಾಕಿ ಹುಳಿ ಬರಿಸಿದ್ದು. ಮೂಗಿಗೆ ಅಡರುವ ಆ ವಾಸನೆಗೆ ನಾವಿಕರು ಮುಖ ತಿರುಗಿಸಿದರು. ಬೇಡ ಅಂದರೆ ಬೇಡ. ಚಾಟಿ ಕೈಯಲ್ಲೇ ಇತ್ತು. ಆದರೆ ಕುಕ್ ಈ ಸಲ ಅದನ್ನು ಎತ್ತಲಿಲ್ಲ. ಕೋಸನ್ನು ದಿನವೂ ತನ್ನ ಕೋಣೆಯ ಮೇಜಿಗೆ ತರಿಸಿದ. ತಾನು ತಿಂದ, ಅಧಿಕಾರಿಗಳೂ ತಿಂದರು. ನಾವಿಕರಿಗೆ ಬೇಕಾದರೆ ಬೇಕಾದಷ್ಟು, ಬೇಡವಾದರೆ ಬಿಡಿ ಅಂದ. ಒಂದೇ ವಾರ! ದೊಡ್ಡವರು ತಿನ್ನುವುದನ್ನು ಕಂಡವರೆಲ್ಲ ತಮಗೂ ಬೇಕು ಎಂದು ಮುಗಿಬಿದ್ದರು. ಕೊನೆಗೆ ಒಬ್ಬೊಬ್ಬರಿಗೆ ಇಷ್ಟೇ ಎಂದು ಅಳತೆ ಕಟ್ಟಬೇಕಾಯಿತು.

ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ದಾಟಿದರು. ಪೆಸಿಫಿಕ್‌ನಲ್ಲಿ ವಾರಗಟ್ಟಲೆ ನೆಲ ಕಾಣಲಿಲ್ಲ. ಹಡಗಿನಲ್ಲಿದ್ದ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್‌ನ ಒಸಡು ಊದಿತು, ಬಾಯೊಳಗೆ ಗುಳ್ಳೆ ಎದ್ದವು. ಅವನು ನಿಂಬೆರಸಕ್ಕೆ ಶರಣಾಗಿ ಚೇತರಿಸಿಕೊಂಡ. ಕೆಲವು ತಿಂಗಳ ನಂತರ, 1769ರ ಅಕ್ಟೋಬರ್‌ನಲ್ಲಿ 'ನೆಲ!' ಎಂಬ ಕೂಗು ಕೇಳಿತು. ಹಡಗಿನವರಲ್ಲಿ ನ್ಯೂಜಿಲೆಂಡನ್ನು ಮೊದಲು ಕಂಡವನು ನಿಕೊಲಸ್ ಯಂಗ್ ಎಂಬ ಹುಡುಗ, ಇನ್ನೂ ಮೀಸೆ ಚಿಗುರದವನು. ಅಲ್ಲಿ ಕುಕ್ ದಡಕ್ಕಿಳಿದು ಕಾಡು ಸೆಲರಿ ಕೊಯ್ಯಿಸಿ ಬೆಳಗಿನ ಗಂಜಿಗೇ ಹಾಕಿಸಿದ. ನನ್ನ ಮಟ್ಟಿಗೆ ಅವನ ದೊಡ್ಡ ಗೆಲುವು ಈ ಹಸಿರು ಸೊಪ್ಪಿನದು. ಪೀಪಾಯಿಯ ಕೋಸಿನಲ್ಲಿ ಅಷ್ಟೊಂದು ಸತ್ವ ಉಳಿದಿರುತ್ತಿರಲಿಲ್ಲ.

1770ರ ಜೂನ್ 11. ಆಸ್ಟ್ರೇಲಿಯಾದ ಪೂರ್ವ ಕರಾವಳಿ, ರಾತ್ರಿ ಹನ್ನೊಂದರ ಹೊತ್ತು. ಧಡ್! ಹಡಗು ಹವಳದ ದಿಬ್ಬಕ್ಕೆ ಬಡಿದು ಕಚ್ಚಿಕೊಂಡಿತು. ತಳದ ಹಲಗೆ ಸೀಳಿ ನೀರು ನುಗ್ಗಿತು. ಫಿರಂಗಿ, ಭಾರದ ಕಬ್ಬಿಣ, ಪೀಪಾಯಿ, ಕೈಗೆ ಸಿಕ್ಕಿದ್ದನ್ನೆಲ್ಲ ಸಮುದ್ರಕ್ಕೆ ಎಸೆದರು. ನಲವತ್ತು ಟನ್ನಿಗೂ ಹೆಚ್ಚು ಭಾರ ಹೋಯಿತು. ಹಗಲಿನ ಭರತ ಬಂತು, ಹಡಗು ಅಲುಗಲಿಲ್ಲ! ಪಂಪು ಒತ್ತಿದರು, ಒತ್ತಿದರು, ನಾವಿಕ, ಅಧಿಕಾರಿ, ವಿಜ್ಞಾನಿ ಎನ್ನದೆ ಸರದಿಯ ಮೇಲೆ ಒತ್ತಿದರು. ರಾತ್ರಿಯ ಭರತಕ್ಕೆ ಹಡಗು ತೇಲಿತು. ಒಂದು ಪಟಕ್ಕೆ ಉಣ್ಣೆ, ನಾರು, ಕುರಿಹಿಕ್ಕೆ ಮೆತ್ತಿ ತಳದಡಿಗೆ ಎಳೆದರು. ನೀರಿನ ಸೆಳೆತಕ್ಕೆ ಅದು ಬಿರುಕಿಗೆ ಹೋಗಿ ಅಂಟಿಕೊಂಡಿತು.

ಆ ಪಂಪುಗಳನ್ನು ಒತ್ತಿದ ತೋಳುಗಳನ್ನು ನೆನೆಯಿರಿ. ಊರು ಬಿಟ್ಟು ಎರಡು ವರ್ಷವಾಗುತ್ತಾ ಬಂದಿತ್ತು. ಸ್ಕರ್ವಿ ಹಿಡಿದ ಕೈಗಳಾಗಿದ್ದರೆ ಹಡಗು ಅಲ್ಲೇ ಮುಳುಗುತ್ತಿತ್ತು.

ದುರಸ್ತಿಗೆಂದು ಅಲ್ಲಿನ ಒಂದು ನದಿಯ ಮುಖದಲ್ಲಿ ಏಳು ವಾರ ನಿಂತರು. ಅಲ್ಲಿ ಸಿಕ್ಕಿದ್ದು ನಮ್ಮ ಮಲೆನಾಡು, ಕರಾವಳಿಯವರಿಗೆ ಚಿರಪರಿಚಿತವಾದ ಕೆಸು! ಗೆಡ್ಡೆ ತಿನ್ನಲಾರದಷ್ಟು ಕೆಟ್ಟದಾಗಿತ್ತು. ಸೊಪ್ಪನ್ನು ಬೇಯಿಸಿ ಇಷ್ಟಪಟ್ಟು ತಿಂದರು. ಬಾಯಿ ತುರಿಸದಂತೆ ಹುಣಸೆಹುಳಿ ಹಾಕಿ ಪತ್ರೊಡೆ ಬೇಯಿಸುವ ನಮ್ಮ ಮನೆಗಳಲ್ಲೂ ಮಕ್ಕಳಿಗೆ ಅದರ ರುಚಿ ಹತ್ತಿದ್ದು ಅಜ್ಜಿ, ಅಮ್ಮ ಚಪ್ಪರಿಸಿ ತಿನ್ನುವುದನ್ನು ನೋಡಿಯೇ.

ಎಂಡೆವರ್ 1771ರ ಜುಲೈನಲ್ಲಿ ಇಂಗ್ಲೆಂಡಿಗೆ ಮರಳಿತು. ದಾರಿಯಲ್ಲಿ ಬಟಾವಿಯಾದಲ್ಲಿ (ಇಂದಿನ ಜಕಾರ್ತಾ) ತಗುಲಿದ ಮಲೇರಿಯಾ, ರಕ್ತಭೇದಿ ಹಲವರನ್ನು ನುಂಗಿದ್ದವು. ಸ್ಕರ್ವಿ ಮಾತ್ರ ಒಬ್ಬರ ಜೀವವನ್ನೂ ತೆಗೆಯಲಿಲ್ಲ.

ಬೇರೆಯವರು ತಿನ್ನುವುದನ್ನು ಕಂಡರೆ ತಮಗೂ ಬೇಕೆನಿಸುತ್ತದೆ ಎಂದು ಕುಕ್ ಕಂಡುಕೊಂಡದ್ದನ್ನು ಅಮೆರಿಕದ ಮನೋವಿಜ್ಞಾನಿ ಲಿಯಾನ್ ಬರ್ಚ್ 1980ರಲ್ಲಿ ಪುಟ್ಟ ಮಕ್ಕಳಲ್ಲೇ ಪರೀಕ್ಷಿಸಿದರು. ಒಂದು ತರಕಾರಿ ಇಷ್ಟಪಡುವ ಮಗುವನ್ನು, ಬೇರೊಂದು ತರಕಾರಿ ಇಷ್ಟಪಡುವ ಮಕ್ಕಳ ನಡುವೆ ಊಟಕ್ಕೆ ಕೂರಿಸಿದರು. ಕೆಲವೇ ದಿನಗಳಲ್ಲಿ ಮಗು ತಾನೂ ಆ ತರಕಾರಿಯನ್ನೇ ಆರಿಸತೊಡಗಿತು. ಎರಡರಿಂದ ಆರು ವರ್ಷದ ಮಕ್ಕಳಿಗೆ ಹೊಸ ತಿನಿಸು ಕಂಡರೆ ಅಂಜಿಕೆ ಹೆಚ್ಚು. ಅದು ಹಟವಲ್ಲ. ಅದೇ ಪಲ್ಯ ಹತ್ತಾರು ಸಲ ಕಣ್ಣಿಗೆ, ನಾಲಿಗೆಗೆ ಬಿದ್ದ ಮೇಲೆ ಅಂಜಿಕೆ ಇಳಿಯುತ್ತದೆ.

ಅಪ್ಪಂದಿರೇ, ಅಮ್ಮಂದಿರೇ, ಮಗುವಿನ ಬಾಯಿ ಬಿಡಿಸಿ ತುರುಕಬೇಡಿ, ಗದರಬೇಡಿ, ಪಲ್ಯ ಮುಗಿಸಿದರೆ ಚಾಕೊಲೇಟು ಎಂದು ಆಸೆ ತೋರಿಸಬೇಡಿ. ಇವತ್ತು ರಾತ್ರಿ ಬೀನ್ಸ್ ಪಲ್ಯವನ್ನು ಮೊದಲು ನಿಮ್ಮ ತಟ್ಟೆಗೆ ಬಡಿಸಿಕೊಳ್ಳಿ, ಮಗುವಿನ ಎದುರಿಗೇ ಕೂತು ಸಂತೋಷವಾಗಿ ತಿನ್ನಿ. ಅದು ಕೈ ಚಾಚಿದರೆ ಒಂದು ಚಮಚ ಕೊಡಿ. ಚಾಚದಿದ್ದರೆ ನಾಳೆಯೂ ಮಾಡಿ.