ಎರಡು ಚುಕ್ಕೆಗಳು

ಎಚ್ಚರಿಕೆಯ ಮಾತನ್ನು ಕಿವಿಗೆ ಹಾಕಿಕೊಳ್ಳದಿರುವುದರಲ್ಲಿ ನಾನು ಯಾರಿಗೂ ಕಡಮೆಯವನಲ್ಲ. ಕೈ ಹೊರಗೆ ಚಾಚಬಾರದೆಂದು ಬರೆದಿರುವ ಕಿಟಕಿಯ ಪಕ್ಕದಲ್ಲಿಯೇ ಕುಳಿತು, ಮೊಣಕೈಯನ್ನು ಗಾಳಿಗೆ ಬಿಟ್ಟು, ಯಾದಗಿರಿಯಿಂದ ಶಹಾಪುರದವರೆಗೆ ಬರುವವನು ನಾನು. ಆದುದರಿಂದ ಕಳೆದ ವರ್ಷ ನನಗೊದಗಿದ ಫಜೀತಿಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯೊಂದನ್ನೇ ದೂರುವ ಹಕ್ಕು ನನಗಿಲ್ಲ.

ಕಲಾ ವಿಭಾಗದವನಿಗೆ ಕಂಪ್ಯೂಟರಿನ ಗೊಡವೆ ಏಕೆಂದು ಅಧ್ಯಾಪಕರು ಕೇಳಿಯಾರು. ಕಾಲೇಜು ಮುಗಿದ ಮೇಲೆ ಸಂಜೆ ನಾನು ಶಹಾಪುರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂರುತ್ತೇನೆ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ, ಇವೇ ಅಲ್ಲಿಯ ವ್ಯಾಪಾರ. ಯಜಮಾನರನ್ನು ನಾವು ಕಾಕಾ ಎನ್ನುತ್ತೇವೆ. ಸುರಪುರದಲ್ಲಿಯೂ ಅವರದೊಂದು ಅಂಗಡಿಯುಂಟು. ಅಲ್ಲಿ ದಿನವಿಡೀ ಸ್ಕ್ಯಾನ್ ಮಾಡಿದ ಕಾಗದಗಳನ್ನು ಸಂಜೆ ಒಂದು ಗಂಟಾಗಿ ಕಟ್ಟಿ ಶಹಾಪುರಕ್ಕೆ ಕಳಿಸುವುದು, ನಾವು ಇಲ್ಲಿ ಬಿಚ್ಚುವುದು. ಎರಡೂ ಕಡೆ ಹಳೆಯ ಯಂತ್ರಗಳು, ಬಿಟ್ಟಿ ಸಿಗುವ ಲಿನಕ್ಸ್. ಅಷ್ಟಿಷ್ಟು ಪೈಥಾನ್ ಕಲಿತಿದ್ದ ನಾನು, ಕಟ್ಟಲೊಂದು ಬಿಚ್ಚಲೊಂದು, ಹತ್ತು ಹತ್ತು ಸಾಲಿನ ಪ್ರೋಗ್ರಾಮು ಬರೆದುಕೊಟ್ಟೆ. ಕಾಕಾ ಚಹಾ ತರಿಸಿದರು. ಆ ವಾರವೆಲ್ಲ ನನ್ನ ಕಾಲು ನೆಲದ ಮೇಲಿರಲಿಲ್ಲ.

ಹತ್ತೇ ಸಾಲಿನಲ್ಲಿ ಅಷ್ಟು ಕೆಲಸವಾದುದು ನನ್ನ ಜಾಣ್ಮೆಯಿಂದಲ್ಲ. ಬಾಡಿಗೆಯ ಮನೆಯಲ್ಲಿ ಒಲೆ, ಒಳಕಲ್ಲು ಮೊದಲೇ ಇರುವಂತೆ, ಪೈಥಾನಿನ ಜೊತೆಗೆ ಒಂದು ದೊಡ್ಡ ಭಂಡಾರವೇ ಬರುತ್ತದೆ. ಅದಕ್ಕೆ ಸ್ಟ್ಯಾಂಡರ್ಡ್ ಲೈಬ್ರರಿ ಎಂದು ಹೆಸರು. ಲೆಕ್ಕ, ತಾರೀಖು, ಅಂಚೆ, ಎಲ್ಲಕ್ಕೂ ಅದರಲ್ಲಿ ಸಾಮಾನು ಸಿದ್ಧವಾಗಿದೆ. ಗಂಟು ಬಿಚ್ಚುವ ಸಾಮಾನಿನ ಹೆಸರು ಟಾರ್‌ಫೈಲ್. 2003ರಿಂದಲೂ ಅದು ಅಲ್ಲಿದೆ. ಯಾರೋ ಪುಣ್ಯಾತ್ಮರು ಬರೆದದ್ದು, ನಾವು ಕರೆಯುವುದು.

ಯಂತ್ರಕ್ಕೆ ಪೈಥಾನಿನ 3.12ನೆಯ ಆವೃತ್ತಿ ಬಂದ ದಿನದಿಂದ, ಗಂಟು ಬಿಚ್ಚಿದಾಗಲೆಲ್ಲ ಪರದೆಯ ಮೇಲೆ ಇಂಗ್ಲಿಷಿನ ಉದ್ದನೆಯ ವಾಕ್ಯವೊಂದು ಮೂಡತೊಡಗಿತು.

"ಏನೋ ಬರದು ಬಂತಲ್ಲಪಾ, ಏನದು?" ಎಂದರು ಕಾಕಾ.

"ಏನಿಲ್ರಿ ಕಾಕಾ, ಅದು ಹಂಗೇ ಬರ್ತದ."

ಮರುದಿನ ಅದು ಬರದಂತೆ ಪ್ರೋಗ್ರಾಮಿಗೆ ಇನ್ನೊಂದು ಸಾಲು ಸೇರಿಸಿದೆ. ಎಚ್ಚರಿಕೆಯ ಬಾಯಿಗೆ ಬಟ್ಟೆ ತುರುಕುವ ಅನುಕೂಲವೂ ಆ ಭಂಡಾರದಲ್ಲಿಯೇ ಇದೆ!

ವಿದ್ಯಾರ್ಥಿವೇತನದ ಕಡೆಯ ವಾರ. ಸುರಪುರದ ಅರ್ಜಿದಾರರ ಪಟ್ಟಿಯೂ ಗಂಟಿನಲ್ಲಿ ಬರಲಿ ಎಂದರು ಕಾಕಾ. ಅಲ್ಲಿ ಪಟ್ಟಿಯಿರುವುದು ಕಾಗದಗಳ ಕೋಣೆಗಿಂತ ಒಂದು ಕೋಣೆ ಮೇಲೆ. ಕಂಪ್ಯೂಟರಿಗೆ 'ಒಂದು ಕೋಣೆ ಮೇಲೆ' ಎನ್ನಬೇಕಾದರೆ ಎರಡು ಚುಕ್ಕೆಗಳನ್ನಿಟ್ಟರೆ ಸಾಕು. ನಾನೂ ಇಟ್ಟೆ. ಗಂಟು ಆ ವಿಳಾಸವನ್ನು ಚುಕ್ಕೆಗಳ ಸಮೇತ ಹೊತ್ತುಕೊಂಡು ಶಹಾಪುರಕ್ಕೆ ಬಂದಿತು. ಇಲ್ಲಿ ಬಿಚ್ಚಿದಾಗ ಕಾಗದಗಳು ತಮ್ಮ ಕೋಣೆಯಲ್ಲಿ ಇಳಿದುವು; ಪಟ್ಟಿ ಮಾತ್ರ ಹೊಸ್ತಿಲು ದಾಟಿ, ಮೇಲಿನ ಕೋಣೆಯಲ್ಲಿ ಅದೇ ಹೆಸರಿನಿಂದಿದ್ದ ನಮ್ಮ ಶಹಾಪುರದ ಪಟ್ಟಿಯನ್ನು ಅಳಿಸಿ ಅದರ ಜಾಗದಲ್ಲಿ ತಾನು ಕುಳಿತಿತು. ಯಾರ ಅರ್ಜಿಗೆ ಯಾವ ಕಾಗದ ಬಾಕಿ, ಯಾರಿಗೆ ಫೋನು ಮಾಡಬೇಕು, ಎಲ್ಲ ಅದರಲ್ಲಿತ್ತು. ಇನ್ನೊಂದು ಪ್ರತಿಯನ್ನು ನಾನು ಇಟ್ಟಿರಲಿಲ್ಲ. ರಾತ್ರಿಯೆಲ್ಲ ರಶೀದಿ ಪುಸ್ತಕವನ್ನು ಹಿಡಿದುಕೊಂಡು ಕುಳಿತೆವು. ಕಾಕಾ ಬೈಯಲಿಲ್ಲ; ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ, ಬಾಯಿ ಮುಚ್ಚಿಸಿದ್ದ ಆ ವಾಕ್ಯವನ್ನು ಹಿಡಿದು ಹುಡುಕುತ್ತ ಹೋದೆ. ನನ್ನ ಗಂಟಿನಲ್ಲಿ ಕಪಟವಿರಲಿಲ್ಲ. ಕಪಟಿಯೊಬ್ಬ ಇಂಥ ಗಂಟು ಕಟ್ಟಿದರೆ, ಬಿಚ್ಚಿದವನ ಯಂತ್ರದಲ್ಲಿ ತನಗೆ ಬೇಕಾದ ಕಡತವನ್ನು ಬೇಕಾದ ಕಡೆ ಹೂಡಬಹುದು. ಮರುದಿನ ಯಂತ್ರ ಅವನ ಮಾತು ಕೇಳಬಹುದು. ಈ ದೋಷ ತಿಳಿದದ್ದು 2007ರಲ್ಲಿ! ಸಿವಿಇ-2007-4559 ಎಂದು ಅದಕ್ಕೊಂದು ಸಂಖ್ಯೆಯನ್ನೂ ಕೊಟ್ಟರು. ಗಂಟಿನ ನಿಯಮವೇ ಹಾಗಿದೆ, ಇದು ದೋಷವಲ್ಲ ಎಂದು ಆಗ ತೀರ್ಮಾನವಾಯಿತು. ನಂಬಿಕೆಯಿಲ್ಲದ ಗಂಟನ್ನು ನೋಡದೆ ಬಿಚ್ಚಬೇಡಿರೆಂದು ಕೈಪಿಡಿಯಲ್ಲಿ ಬರೆದು ಬಿಟ್ಟರು. ಬಾವಿಗೆ ಕಟ್ಟೆ ಕಟ್ಟುವ ಬದಲು ಪಕ್ಕದಲ್ಲೊಂದು ಬೋರ್ಡು ನೆಟ್ಟಂತೆ. 2022ರಲ್ಲಿ ಟ್ರೆಲಿಕ್ಸ್ ಎಂಬ ಕಂಪನಿಯ ಸಂಶೋಧಕರು ಅದೇ ಬಾವಿಯನ್ನು ಎಡವಿ, ಹೊಸತೆಂದೇ ಭಾವಿಸಿ, ಹದಿನೈದು ವರ್ಷ ಹಳೆಯದೆಂದು ತಿಳಿದು ಬೆರಗಾದರು. ಸುಮಾರು ಮೂರೂವರೆ ಲಕ್ಷ ಮುಕ್ತ ಯೋಜನೆಗಳಲ್ಲಿ ಈ ಅಪಾಯವಿರಬಹುದೆಂಬುದು ಅವರ ಅಂದಾಜು. ಪೆತ್ರ್ ವಿಕ್ಟೋರಿನ್ ಎಂಬವರು ಪೆಪ್ 706 ಎಂಬ ಪ್ರಸ್ತಾವವನ್ನು ಬರೆದರು. ಅದರಂತೆ ಟಾರ್‌ಫೈಲಿಗೆ ಒಂದು ಜರಡಿ ಬಂದಿತು. ಹೊಸ್ತಿಲು ದಾಟುವ ಕಡತವನ್ನು ಅದು ತಡೆಯುತ್ತದೆ. 2023ರ ಅಕ್ಟೋಬರಿನ 3.12ರಲ್ಲಿ ಬರಿಯ ಎಚ್ಚರಿಕೆ. 2025ರ ಅಕ್ಟೋಬರಿನ 3.14ರಲ್ಲಿ, ಕೇಳಲಿ ಬಿಡಲಿ, ಜರಡಿ ಇದ್ದೇ ಇರುತ್ತದೆ. ನಡುವೆ 2025ರ ಜೂನಿನಲ್ಲಿ ಆ ಜರಡಿಯಲ್ಲಿಯೇ ತೂತು ಕಂಡು ಅದಕ್ಕೂ ತೇಪೆ ಹಾಕಿದರು. ಅದೊಂದು ಬೇರೆ ಪುರಾಣ.

ಇಷ್ಟು ತಡವೇಕೆಂದು ಮನೆಯಲ್ಲಿ ಅಪ್ಪನ ಮುಂದೆ ಕೂಗಾಡಿದೆ. ನಮ್ಮ ಹೊಲದೊಳಗಿಂದ ಕಾಲುವೆಗೆ ಹೋಗುವ ಒಂದು ಕಾಲುದಾರಿಯಿದೆ. ದನಗಳೂ ಅದರಲ್ಲಿಯೇ ಬಂದು ಭತ್ತ ಮೇಯುತ್ತವೆ. ಅಪ್ಪ ಅದನ್ನು ನೆನೆದು ಹೇಳಿದ: "ಮಂದಿ ನಡದು ನಡದು ಬಿದ್ದ ದಾರಿಗಿ ಒಮ್ಮಿಗೇ ಬೇಲಿ ಹಾಕಿದ್ರ ಜಗಳ ಬರ್ತದ. ಮೊದಲ ಹೇಳಬೇಕು, ಆಮ್ಯಾಲ ಮುಳ್ಳ ಹಚ್ಚಬೇಕು." ನಿಜ. ಹೊಸ್ತಿಲು ದಾಟುವ ಗಂಟುಗಳನ್ನೇ ನಂಬಿ ನ್ಯಾಯವಾದ ಕೆಲಸ ಮಾಡಿಕೊಂಡಿದ್ದವರೂ ಇದ್ದರು. ಒಮ್ಮೆಲೇ ಮುಚ್ಚಿದ್ದರೆ ಅವರ ಪ್ರೋಗ್ರಾಮುಗಳು ನಿಲ್ಲುತ್ತಿದ್ದುವು. ಹದಿನಾರು ವರ್ಷ ಬರಿಯ ಬೋರ್ಡು ಇತ್ತೆಂದಾಗ ಮಾತ್ರ ಅಪ್ಪ, "ಅದು ಭಾಳ ಆತು ಬಿಡು" ಎಂದ. ನನ್ನ ಅಭಿಪ್ರಾಯವೂ ಅದೇ. ಕೈಪಿಡಿ ಓದುವವರಿಗಾಗಿ ಮಾತ್ರ ಭಂಡಾರ ಕಟ್ಟಿದರೆ ನನ್ನಂಥವರ ಗತಿಯೇನು? ಆದರೆ ಬೋರ್ಡನ್ನೇ ಕಿತ್ತೆಸೆದವನು ಈ ಪ್ರಶ್ನೆಯನ್ನು ಕೊಂಚ ಮೆಲ್ಲಗೆ ಕೇಳುವುದು ಒಳ್ಳೆಯದು.

ರಿಪೇರಿಗೆ ಹಿಡಿದದ್ದು ಐದು ನಿಮಿಷ. ಬಿಚ್ಚುವ ಸಾಲಿಗೆ ಜರಡಿಯ ಹೆಸರು ಸೇರಿಸಿದೆ. ಎಚ್ಚರಿಕೆಯ ಬಾಯಿಂದ ಬಟ್ಟೆ ತೆಗೆದೆ. ಭಾನುವಾರ ಸುರಪುರಕ್ಕೆ ಹೋಗಿ ಎರಡು ಚುಕ್ಕೆಗಳನ್ನು ಅಳಿಸಿ ಬಂದೆ.

ಪಟ್ಟಿಯಲ್ಲಿದ್ದವರು ಹೆಚ್ಚು ಕಡಮೆ ಎಲ್ಲರೂ ರಶೀದಿಯಿಂದ ಸಿಕ್ಕಿದರು. ಒಬ್ಬ ಹುಡುಗ ಸಿಗಲಿಲ್ಲ. ಆದಾಯ ಪ್ರಮಾಣಪತ್ರದ ವಿಷಯಕ್ಕೆ ಅವನಿಗೆ ಫೋನು ಮಾಡಬೇಕಾಗಿತ್ತು. ಹಣ ಕೊಟ್ಟಿರದಿದ್ದುದರಿಂದ ರಶೀದಿಯೂ ಇರಲಿಲ್ಲ. ಕಡೆಯ ದಿನ ಕಳೆದು ವಾರವಾದ ಮೇಲೆ ಅಂಗಡಿಗೆ ಬಂದ. "ಫೋನ್ ಮಾಡ್ತೀನಿ ಅಂದಿದ್ರಲ್ಲಣ್ಣ?" ಎಂದು ಕೇಳಿದ. ಕುರ್ಚಿ ಎಳೆದು ಕೂರಿಸಿ, ನಡೆದದ್ದನ್ನೆಲ್ಲ ಹೇಳಿದೆ. ಎರಡು ಚುಕ್ಕೆಗಳ ವಿಷಯ ಅವನಿಗೆ ಎಷ್ಟು ತಿಳಿಯಿತೋ ಕಾಣೆ. ಅವನ ನಂಬರನ್ನು ಪಟ್ಟಿಯಲ್ಲಿಯೂ ನನ್ನ ನೋಟುಬುಕ್ಕಿನ ಕೊನೆಯ ಪುಟದಲ್ಲಿಯೂ ಬರೆದುಕೊಂಡೆ.