ವೇಷ ಬದಲಿಸದ ಪಾತ್ರಧಾರಿಗಳು

ಕಂಪನಿ ನಾಟಕಗಳಲ್ಲಿ ಒಬ್ಬನೇ ನಟನು ಮೊದಲ ಅಂಕದಲ್ಲಿ ಮಂತ್ರಿಯಾಗಿಯೂ ಮೂರನೆಯ ಅಂಕದಲ್ಲಿ ಮುನಿಯಾಗಿಯೂ ಬರುವುದುಂಟು. ಆದರೆ ನಡುವೆ ನೇಪಥ್ಯಕ್ಕೆ ಹೋಗಿ, ಪೇಟವನ್ನು ಕಳಚಿ, ಜಟೆ ಕಟ್ಟಿಕೊಂಡು ಬರುವಷ್ಟು ದಾಕ್ಷಿಣ್ಯವನ್ನಾದರೂ ಅವನು ಪ್ರೇಕ್ಷಕರಿಗೆ ತೋರಿಸುತ್ತಾನೆ. ಇಂಗ್ಲಿಷ್ ಶಬ್ದಗಳಿಗೆ ಅಷ್ಟು ದಾಕ್ಷಿಣ್ಯವೂ ಇಲ್ಲ. ‘ರೌಂಡ್’ ಎಂಬ ಶಬ್ದವನ್ನೇ ನೋಡಿ. ಮೇಜು ದುಂಡಗಿದೆ ಎನ್ನುವಾಗ ಅದು ಗುಣವಾಚಕ. ಮುಷ್ಟಿಯುದ್ಧದ ಒಂದು ಸುತ್ತು ಎನ್ನುವಾಗ ನಾಮಪದ. ಹಡಗು ಭೂಶಿರವನ್ನು ಬಳಸಿ ಹೋಯಿತು ಎನ್ನುವಾಗ ಕ್ರಿಯಾಪದ. ಹಿಂದಿರುಗಿ ನೋಡಿದನು ಎನ್ನುವಾಗ ಕ್ರಿಯಾವಿಶೇಷಣ. ಬೆಂಕಿಯ ಸುತ್ತ ಕುಳಿತರು ಎನ್ನುವಾಗ ಪ್ರಿಪೊಸಿಷನ್. ಪಾತ್ರಗಳು ಐದು, ಮುಖ ಒಂದೇ; ಬಣ್ಣವಿಲ್ಲ, ಗಡ್ಡವಿಲ್ಲ!

ನನ್ನ ತಂಗಿಯ ಮಗನು ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ, ಕಾಲೇಜಿಗೆಂದು ನಮ್ಮ ಮನೆಗೆ ಬಂದವನು. ಲೆಕ್ಕದಲ್ಲಿ ಬಲು ಚುರುಕು. ಇಂಗ್ಲಿಷೆಂದರೆ ಮಾತ್ರ ಎದೆನಡುಕ. ಅವನ ಬಳಿ ಒಂದು ದಪ್ಪ ನೋಟ್‌ಬುಕ್ಕಿತ್ತು. ಎಡಗಡೆಯಲ್ಲಿ ಇಂಗ್ಲಿಷ್ ಶಬ್ದ, ಬಲಗಡೆಯಲ್ಲಿ ಒಂದೇ ಒಂದು ಕನ್ನಡ ಅರ್ಥ. ‘ಬುಕ್’ ಎಂದರೆ ಪುಸ್ತಕ, ‘ಟೇಬಲ್’ ಎಂದರೆ ಮೇಜು. ಒಂದು ಬೆಳಿಗ್ಗೆ, ಪೋಲೀಸರು ಲಾರಿ ಚಾಲಕನೊಬ್ಬನನ್ನು ‘ಬುಕ್’ ಮಾಡಿದರೆಂದೂ, ಸಚಿವರು ಸದನದಲ್ಲಿ ವರದಿಯನ್ನು ‘ಟೇಬಲ್’ ಮಾಡಿದರೆಂದೂ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿ, ಅವನು ಅದನ್ನು ಮೆಲ್ಲನೆ ಮಡಿಸಿಟ್ಟನು. “ಮಾವ, ಉರುಹೊಡೆದದ್ದೆಲ್ಲ ನೀರಪಾಲಾಯಿತು. ಇದು ನನ್ನ ತಲೆಗೆ ಹತ್ತುವ ವಿದ್ಯೆಯಲ್ಲ. ಊರಿಗೆ ಹೋಗಿ ಅಪ್ಪನ ಜೊತೆ ತೋಟ ನೋಡಿಕೊಳ್ಳುತ್ತೇನೆ” ಎಂದನು. ತೋಟದ ಕೆಲಸ ಹೀನವೆಂದಲ್ಲ; ಆದರೆ ತನ್ನ ಬುದ್ಧಿಯೇ ಮಂದವೆಂದು ನಂಬಿ ಒಬ್ಬ ಹುಡುಗನು ಹಿಂದಿರುಗುವುದನ್ನು ಸುಮ್ಮನೆ ನೋಡುವುದು ಹೇಗೆ?

ಅವನನ್ನು ಕೂರಿಸಿಕೊಂಡು ಶರೀರದಿಂದಲೇ ಪಾಠವನ್ನು ಆರಂಭಿಸಿದೆ. ಇಂಗ್ಲಿಷಿನಲ್ಲಿ ತಲೆಯಿಂದ ಪಾದದವರೆಗೆ ಎಲ್ಲ ಅಂಗಗಳೂ ಸ್ವತಃ ದುಡಿಯುತ್ತವೆ. ಸಂಸ್ಥೆಯ ಮುಖ್ಯಸ್ಥನಾಗಿರುವುದು ‘ಹೆಡ್’, ದಿಟ್ಟಿಸುವುದು ‘ಐ’, ಕಷ್ಟವನ್ನು ಎದುರಿಸುವುದು ‘ಫೇಸ್’, ಹೊಣೆ ಹೊರುವುದು ‘ಶೋಲ್ಡರ್’, ಗುಂಪಿನಲ್ಲಿ ನುಗ್ಗಿ ದಾರಿ ಮಾಡಿಕೊಳ್ಳುವುದು ‘ಎಲ್ಬೋ’, ಅವಮಾನವನ್ನು ನುಂಗಿಕೊಳ್ಳುವುದು ‘ಸ್ಟಮಕ್’, ಹೋಟೆಲಿನ ಬಿಲ್ಲನ್ನು ತೆರುವುದು ‘ಫುಟ್’. ನಮ್ಮಲ್ಲಾದರೋ ಅಂಗಾಂಗಗಳಿಗೆ ಒಂದೊಂದು ಆಳು ಬೇಕು. ಹೆಗಲನ್ನು ಕೊಡಬೇಕು, ಕಣ್ಣನ್ನು ಹಾಯಿಸಬೇಕು, ಮೂಗನ್ನು ತೂರಿಸಬೇಕು. ಇಂಗ್ಲಿಷಿನವನು ‘ಹ್ಯಾಂಡ್’ ಮಾಡಿದರೆ ವಸ್ತು ನಮ್ಮ ಕೈಸೇರುತ್ತದೆ. ಕನ್ನಡದವನು ಕೈಕೊಟ್ಟರೆ ಕೈಯಲ್ಲಿದ್ದುದೂ ಹೋಗುತ್ತದೆ! ಹುಡುಗನು ಅಂದು ಮೊದಲ ಬಾರಿಗೆ ನಕ್ಕನು.

ಈ ಸ್ವಾತಂತ್ರ್ಯ ಆ ಭಾಷೆಗೆ ಬಂದುದಾದರೂ ಹೇಗೆ? ಸಾವಿರ ವರ್ಷಗಳ ಹಿಂದೆ ಇಂಗ್ಲಿಷಿಗೂ ಪ್ರತ್ಯಯಗಳ ಸಂಪತ್ತಿತ್ತು. ಪ್ರೀತಿ ಎಂಬುದನ್ನು ‘ಲುಫು’ ಎಂದೂ ಪ್ರೀತಿಸುವುದನ್ನು ‘ಲುಫಿಯನ್’ ಎಂದೂ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆಲ್ಲುವುದಕ್ಕೆ ಮೊದಲೇ ಸವೆಯತೊಡಗಿದ್ದ ಈ ಅಂತ್ಯಗಳು, ಅನಂತರದ ಕೆಲವು ಶತಮಾನಗಳಲ್ಲಿ ಬಹುಮಟ್ಟಿಗೆ ಉದುರಿಹೋದವು. ಎರಡೂ ‘ಲವ್’ ಆದವು. ಗುರುತಿನ ಬಿಲ್ಲೆ ಕಳೆದುಹೋದ ಮೇಲೆ ನಿಂತ ಸ್ಥಾನವೇ ಗುರುತಾಯಿತು. ‘ರಾಮನು ರಾವಣನನ್ನು ಕೊಂದನು’ ಎಂಬ ವಾಕ್ಯದ ಪದಗಳನ್ನು ಹೇಗೆ ಹಿಂದುಮುಂದು ಮಾಡಿದರೂ ಸಾಯುವವನು ರಾವಣನೇ. ವಿಭಕ್ತಿ ಪ್ರತ್ಯಯವು ರಾಮನನ್ನು ಕಾಯುತ್ತದೆ. ಇಂಗ್ಲಿಷಿನಲ್ಲಿ ಆ ಎರಡು ಹೆಸರುಗಳನ್ನು ಅದಲುಬದಲು ಮಾಡಿದರೆ ರಾಮಾಯಣವೇ ತಲೆಕೆಳಗು! ಕೆಲವೆಡೆ ಉಚ್ಚಾರಣೆಯೂ ಸುಳಿವು ಕೊಡುತ್ತದೆ: ‘ರೆಕಾರ್ಡ್’ ಎಂಬಲ್ಲಿ ಒತ್ತು ಮೊದಲಲ್ಲಿ ಬಿದ್ದರೆ ದಾಖಲೆ, ಕೊನೆಯಲ್ಲಿ ಬಿದ್ದರೆ ದಾಖಲಿಸು.

ಷೇಕ್ಸ್‌ಪಿಯರನು ‘ಎರಡನೆಯ ರಿಚರ್ಡ್’ ನಾಟಕದಲ್ಲಿ ‘ಅಂಕಲ್’ ಎಂಬ ಶಬ್ದವನ್ನೇ ಕ್ರಿಯಾಪದವಾಗಿಸಿದ್ದಾನೆ. ಬಂಡೆದ್ದು ಬಂದ ಅಣ್ಣನ ಮಗನಿಗೆ, ತನ್ನನ್ನು ಚಿಕ್ಕಪ್ಪನೆಂದು ಕರೆಯಬೇಡವೆಂದು ಯಾರ್ಕಿನ ಡ್ಯೂಕನು ಗದರುವ ಸಂದರ್ಭವದು. ಇಂಥ ಸಲಿಗೆ ಎಲ್ಲರಿಗೂ ಹಿಡಿಸಲಿಲ್ಲ. 1789ರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನನು, ಮುಂದೆ ನಿಘಂಟುಕಾರನೆಂದು ಹೆಸರಾದ ನೋವಾ ವೆಬ್‌ಸ್ಟರನಿಗೆ ಪತ್ರ ಬರೆದು, ‘ನೋಟಿಸ್’, ‘ಅಡ್ವೊಕೇಟ್’, ‘ಪ್ರೋಗ್ರೆಸ್’ಗಳನ್ನು ಕ್ರಿಯಾಪದಗಳಾಗಿ ಬಳಸುವುದನ್ನು ಆಕ್ಷೇಪಿಸಿದನು. ಆ ಮೂರೂ ಇಂದು ನಿರಾತಂಕವಾಗಿ ಬಾಳುತ್ತಿವೆ. 2006ರಲ್ಲಿ ‘ಗೂಗಲ್’ ಎಂಬ ಕಂಪನಿಯ ಹೆಸರೂ ಕ್ರಿಯಾಪದವಾಗಿ ಆಕ್ಸ್‌ಫರ್ಡ್ ನಿಘಂಟನ್ನು ಪ್ರವೇಶಿಸಿತು.

ಕನ್ನಡಿಗರಿಗೆ ಈ ವಿದ್ಯೆ ತೀರ ಅಪರಿಚಿತವೇನಲ್ಲ. ನಗು, ಅಳು, ಓದು, ಹಾಡು, ಕೆಮ್ಮು, ಸೀನು—ಇವೆಲ್ಲ ನಾಮಪದಗಳೂ ಹೌದು, ಧಾತುಗಳೂ ಹೌದು. ಹೊಲದಲ್ಲಿರುವುದೂ ಬೆಳೆ, ಮಗುವಿಗೆ ನಾವು ಹರಸುವುದೂ ‘ಚೆನ್ನಾಗಿ ಬೆಳೆ’ ಎಂದೇ. ಪರಭಾಷೆಯಿಂದ ಬಂದ ಅತಿಥಿಗೆ ಮಾತ್ರ ನಾವು ಈ ಸಲಿಗೆಯನ್ನು ಕೊಡುವುದಿಲ್ಲ. ಫೋನಾಗಲಿ ಅಡ್ಜಸ್ಟಾಗಲಿ, ‘ಮಾಡು’ ಎಂಬ ದೇಶೀಯನ ಕೈಹಿಡಿದೇ ನಮ್ಮ ಹೊಸಿಲನ್ನು ದಾಟಬೇಕು.

ಹುಡುಗನು ಊರಿಗೆ ಹೋದದ್ದು ರಜೆಗೆ ಮಾತ್ರ. ಅವನ ನೋಟ್‌ಬುಕ್ಕಿನ ಬಲಗಡೆಯಲ್ಲಿ ಈಗ ಅರ್ಥದ ಬದಲು ಇಡೀ ವಾಕ್ಯಗಳಿವೆ. ಶಬ್ದಗಳ ಸ್ವಭಾವವನ್ನು ಯಾರೂ ತಿಳಿಸಿ ಹೇಳದ ಕಾರಣ, ತಮ್ಮ ಬುದ್ಧಿಯನ್ನೇ ಹಳಿದುಕೊಳ್ಳುವ ಮಕ್ಕಳು ಇನ್ನೂ ಎಷ್ಟು ಮಂದಿಯೋ! “ಈ ಶಬ್ದಕ್ಕೆ ಅರ್ಥವೇನು?” ಎಂದು ಮಗು ಕೇಳಿದಾಗ, “ಯಾವ ವಾಕ್ಯದಲ್ಲಿ, ಮಗು?” ಎಂದು ಹಿರಿಯರು ಮರಳಿ ಕೇಳಿದರೆ ಸಾಕು; ಅರ್ಧ ಪಾಠ ಅಲ್ಲಿಗೇ ಮುಗಿದಂತೆ.